ಅಂಗಳದಲ್ಲಿ ಕಾಣುವ ಮಕ್ಕಳು

ತೀರ್ಥಹಳ್ಳಿ ಕಡೆಯ ಓದುಗರೊಬ್ಬರ ಪತ್ರ: "ಅಪ್ಪಯ್ಯನಿಗೆ 74 ವರ್ಷ. ಒಂಬತ್ತು ವರ್ಷದಿಂದ ಪಾರ್ಕಿನ್ಸನ್. ಎರಡು ತಿಂಗಳಿಂದ ಹೊತ್ತು ಮುಳುಗುತ್ತಿದ್ದಂತೆ 'ಅಂಗಳದಲ್ಲಿ ಮಕ್ಕಳು ಕೂತಿದಾವೆ, ಊಟ ಹಾಕಿ' ಅನ್ನುತ್ತಾರೆ. ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸಿದೆವು. ವೈದ್ಯರೊಬ್ಬರು ಹ್ಯಾಲೊಪೆರಿಡಾಲ್ ಕೊಟ್ಟರು; ಮೂರೇ ದಿನಕ್ಕೆ ಹಾಸಿಗೆಯಿಂದ ಏಳದಾದರು, ನುಂಗುವುದೂ ಕಷ್ಟವಾಯಿತು. ಮೊನ್ನೆ ಅದನ್ನು ನಿಲ್ಲಿಸಿದೆವು. ನಸುಗುನ್ನಿ ಬೀಜದ ಪುಡಿಯನ್ನೂ ಹಾಲಿಗೆ ಹಾಕಿ ಕೊಡುತ್ತಿದ್ದೇವೆ. ಇದು ಹುಚ್ಚೇ? ಪಾರ್ಕಿನ್ಸನ್ ಮಾತ್ರೆಗಳಿಂದಲೇ ಹೀಗಾಗಿದ್ದರೆ ಎಲ್ಲವನ್ನೂ ಬಿಡಿಸಬಹುದೇ?"

ಮೊದಲು ಎರಡನೇ ಪ್ರಶ್ನೆಗೆ ಉತ್ತರ: ಖಂಡಿತ ಬಿಡಿಸಬೇಡಿ. ಪಾರ್ಕಿನ್ಸನ್‌ನ ಮುಖ್ಯ ಔಷಧವಾದ, ಮೆದುಳಿನಲ್ಲಿ ಡೋಪಮೀನ್ ಆಗುವ ಲೆವೊಡೋಪಾ ಮಾತ್ರೆಯನ್ನು ಏಕಾಏಕಿ ನಿಲ್ಲಿಸಿದರೆ ಮೈ ಮರಗಟ್ಟಿ, ಜ್ವರ ಏರಿ, ಪ್ರಜ್ಞೆ ಮಂಕಾಗಿ ಜೀವಕ್ಕೇ ಕುತ್ತು ಬರಬಹುದು. ಹ್ಯಾಲೊಪೆರಿಡಾಲ್ ನಿಲ್ಲಿಸಿದ ಮೇಲೂ ನುಂಗಲಾಗುತ್ತಿಲ್ಲ ಎಂದರೆ, ಅಥವಾ ಜ್ವರ ಇದ್ದರೆ, ಈ ಉತ್ತರವನ್ನು ಪೂರ್ತಿ ಓದುತ್ತ ಕೂರದೆ ಇವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ. ಮಲಗಿಸಿಕೊಂಡು ಗಂಜಿ ಹುಯ್ಯಬೇಡಿ, ಶ್ವಾಸಕೋಶಕ್ಕೆ ಇಳಿಯುತ್ತದೆ.

ಹುಚ್ಚಲ್ಲ. ಗಾಳಿಯೂ ಅಲ್ಲ. ಕೈ ನಡುಗಿಸಿದ ಕಾಯಿಲೆಯೇ ಈಗ ಕಣ್ಣಿಗೆ ಮಕ್ಕಳನ್ನು ತೋರಿಸುತ್ತಿದೆ. 1817ರಲ್ಲಿ ಜೇಮ್ಸ್ ಪಾರ್ಕಿನ್ಸನ್ ಆರು ರೋಗಿಗಳ ವಿವರ ಬರೆದಾಗ ಬುದ್ಧಿಗೆ ಏನೂ ಆಗುವುದಿಲ್ಲ ಎಂದಿದ್ದರು. ಆ ಮಾತು ಬಹುಕಾಲ ನಿಂತುಬಿಟ್ಟಿತು, ಎಷ್ಟೋ ಮನೆಗಳು ಅದರ ಬೆಲೆ ತೆತ್ತಿವೆ. ಸಿಡ್ನಿಯಲ್ಲಿ ರೋಗಿಗಳನ್ನು 20 ವರ್ಷ ಹಿಂಬಾಲಿಸಿದ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಅಷ್ಟು ಕಾಲ ಬದುಕಿದ್ದವರಲ್ಲಿ ನಾಲ್ವರಿಗೆ ಮೂವರಂತೆ ಇಲ್ಲದ್ದು ಕಾಣುತ್ತಿತ್ತು.

ಆರೋಗ್ಯವಂತರ ನಡುಮೆದುಳನ್ನು ಅಡ್ಡಕ್ಕೆ ಕೊಯ್ದರೆ ಎರಡೂ ಪಕ್ಕ ಕಾಡಿಗೆ ಎಳೆದಂಥ ಕಪ್ಪು ಪಟ್ಟಿ ಕಾಣುತ್ತದೆ. ಮೈಯ ಚಲನೆಯನ್ನು ನಡೆಸುವ ಡೋಪಮೀನ್ ಎಂಬ ರಾಸಾಯನಿಕ ತಯಾರಾಗುವುದು ಅಲ್ಲಿ. ಪಾರ್ಕಿನ್ಸನ್ ಇದ್ದವರಲ್ಲಿ ಆ ಪಟ್ಟಿ ಮಾಸಿ ಬಿಳಿಚಿಕೊಂಡಿರುತ್ತದೆ. ಉಳಿದ ಕೋಶಗಳೊಳಗೆ 1912ರಲ್ಲಿ ಫ್ರೆಡರಿಕ್ ಲೂಯಿ ವಿವರಿಸಿದ ಗುಂಡು ಗಂಟುಗಳಿರುತ್ತವೆ. ಅವು ಆಲ್ಫಾ ಸೈನ್ಯೂಕ್ಲೀನ್ ಎಂಬ ಪ್ರೋಟೀನ್ ಹೆಪ್ಪುಗಟ್ಟಿ ಆದವು ಎಂದು 1997ರಲ್ಲಿ ಗೊತ್ತಾಯಿತು. ವರ್ಷ ಕಳೆದಂತೆ ಈ ಗಂಟುಗಳು ಮೆದುಳಿನ ಹೊರಪದರದಲ್ಲೂ ಕಾಣಿಸಿಕೊಳ್ಳುತ್ತವೆ, ಗಮನವನ್ನು ಹಿಡಿದಿಡುವ ಅಸಿಟೈಲ್‌ಕೋಲಿನ್ ಕೂಡ ತಗ್ಗುತ್ತದೆ. ಆಗ ಕಣ್ಣು ಅರ್ಧಂಬರ್ಧ ಕಳಿಸಿದ ಚಿತ್ರವನ್ನು ಮೆದುಳು ತನ್ನ ನೆನಪಿನಿಂದ ತುಂಬಿಕೊಳ್ಳುತ್ತದೆ. ಮಬ್ಬುಗತ್ತಲಲ್ಲಿ ಅಡಿಕೆ ಮೂಟೆ ಮಗುವಾಗುವುದು ಹೀಗೆ.

ಭ್ರಮೆ ತಗ್ಗಿಸಲೆಂದು ಕೊಡುವ ಹ್ಯಾಲೊಪೆರಿಡಾಲ್ ತಡೆಯುವುದು ಡೋಪಮೀನನ್ನೇ. ಇರುವ ನಾಲ್ಕು ಹನಿಯನ್ನೂ ಅದು ಮುಚ್ಚಿಹಾಕಿತು, ಅಪ್ಪಯ್ಯ ಏಳದಾದರು. ಅದೇ ಗುಂಪಿನ ರಿಸ್ಪೆರಿಡೋನ್, ಓಲಾಂಜಪೈನ್ ಕೂಡ ಹೀಗೇ. ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್ ಕೂಡ ಬೇಡ. ಈ ಹೆಸರುಗಳನ್ನು ಔಷಧ ಚೀಟಿಯ ಮೇಲೆ ಕೆಂಪು ಶಾಯಿಯಲ್ಲಿ ಬರೆದಿಡಿ, ಯಾವ ಆಸ್ಪತ್ರೆಗೆ ಹೋದರೂ ಮೊದಲು ತೋರಿಸಿ.

ನರರೋಗ ತಜ್ಞರು ಹೋಗುವ ದಾರಿ ಸಾಮಾನ್ಯವಾಗಿ ಹೀಗಿರುತ್ತದೆ. ಮೊದಲು ಮೂತ್ರದ ಸೋಂಕು, ರಕ್ತದ ಸೋಡಿಯಂ, ಮಲಬದ್ಧತೆ ನೋಡುತ್ತಾರೆ; ಎಷ್ಟೋ ಸಲ ಇವನ್ನು ಸರಿಪಡಿಸಿದರೇ ಮಕ್ಕಳು ಅಂಗಳ ಬಿಟ್ಟು ಹೋಗುತ್ತವೆ. ಆಮೇಲೆ ಪಾರ್ಕಿನ್ಸನ್ ಮಾತ್ರೆಗಳನ್ನು ಇಳಿಸುವ ಸರದಿ, ಒಂದೊಂದಾಗಿ, ನಿಧಾನಕ್ಕೆ. ಪ್ಯಾಸಿಟೇನ್ ಎಂದು ಕೊಡುವ ಟ್ರೈಹೆಕ್ಸಿಫೆನಿಡಿಲ್ ಮೊದಲು ಹೋಗಬೇಕು. ಅದು ಅಸಿಟೈಲ್‌ಕೋಲಿನನ್ನೇ ತಡೆಯುತ್ತದೆ. 70 ದಾಟಿದವರಿಗೆ ಅದನ್ನು ಇನ್ನೂ ಬರೆಯುತ್ತಿರುವುದು ನೋಡಿದರೆ ಸಂಕಟವಾಗುತ್ತದೆ. ನಂತರ ಅಮಾಂಟಡೀನ್, ಪ್ರಮಿಪೆಕ್ಸೋಲ್. ಲೆವೊಡೋಪಾಕ್ಕೆ ಕೈ ಹಾಕುವುದು ಕಟ್ಟಕಡೆಗೆ. ಇಷ್ಟಾದರೂ ಭ್ರಮೆ ನಿಲ್ಲದಿದ್ದರೆ, ಡೋಪಮೀನನ್ನು ಅಷ್ಟಾಗಿ ತಡೆಯದ ಕ್ವೆಟಿಯಾಪಿನ್ ರಾತ್ರಿ 12.5 ಮಿ.ಗ್ರಾಂ, ಅಂದರೆ 25ರ ಮಾತ್ರೆಯಲ್ಲಿ ಅರ್ಧ. ಪುರಾವೆ ಹೆಚ್ಚು ಗಟ್ಟಿಯಾಗಿರುವುದು ಕ್ಲೋಜಪಿನ್‌ಗೆ: 1999ರ ಅಮೆರಿಕದ ಪ್ರಯೋಗದಲ್ಲಿ 60 ರೋಗಿಗಳಲ್ಲಿ ಅರ್ಧ ಜನಕ್ಕೆ ಅದನ್ನು 6.25 ಮಿ.ಗ್ರಾಂನಿಂದ ಶುರುಮಾಡಿ 50 ಮೀರದಂತೆ ಕೊಟ್ಟು ನೋಡಿದರು. ಭ್ರಮೆ ತಗ್ಗಿತು, ನಡುಕ ಹೆಚ್ಚಲಿಲ್ಲ. ಆದರೆ ಬಿಳಿ ರಕ್ತಕಣ ಕುಸಿಯುವ ಅಪಾಯವಿರುವುದರಿಂದ ಮೊದಲ 18 ವಾರ ಪ್ರತಿ ವಾರ ರಕ್ತಪರೀಕ್ಷೆ ತಪ್ಪಿಸುವಂತಿಲ್ಲ. ಮರೆವೂ ಜೊತೆಗಿದ್ದರೆ ರಿವಾಸ್ಟಿಗ್ಮೈನ್ ಬಗ್ಗೆ ಕೇಳಿ.

ನಸುಗುನ್ನಿಯ ವಿಷಯ ಬರೆದು ಒಳ್ಳೆಯದು ಮಾಡಿದಿರಿ, ಬಹಳ ಜನ ಇದನ್ನು ವೈದ್ಯರಿಗೆ ಹೇಳುವುದೇ ಇಲ್ಲ. ಆ ಬೀಜದಲ್ಲಿರುವುದು ಲೆವೊಡೋಪಾವೇ. 5 ಗ್ರಾಂ ಪುಡಿಯಲ್ಲಿ 200 ಮಿ.ಗ್ರಾಂ ದಾಟಬಹುದು, ಸಾಮಾನ್ಯ ಮಾತ್ರೆಯೊಂದರಲ್ಲಿರುವುದು 100. ಬೀಜದಿಂದ ಬೀಜಕ್ಕೆ ಪ್ರಮಾಣ ಬೇರೆ. ಮಾತ್ರೆಯಲ್ಲಿ ಲೆವೊಡೋಪಾ ಜೊತೆಗಿರುವ ಕಾರ್ಬಿಡೋಪಾ ಈ ಪುಡಿಯ ಲೆವೊಡೋಪಾವನ್ನೂ ದಾರಿಯಲ್ಲೇ ಹಾಳಾಗದಂತೆ ಕಾಯ್ದು ಮೆದುಳಿಗೆ ಹೆಚ್ಚು ತಲುಪುವಂತೆ ಮಾಡುತ್ತದೆ. ಹಾಗಾಗಿ ನಿಮಗೆ ಗೊತ್ತಿಲ್ಲದೆಯೇ ಅವರ ಡೋಸ್ ಏರಿರಬಹುದು. ಪುಡಿಯ ಡಬ್ಬಿಯನ್ನೇ ತೆಗೆದುಕೊಂಡು ಹೋಗಿ ತೋರಿಸಿ. ಅದನ್ನು ಇಳಿಸುವ ಲೆಕ್ಕವೂ ವೈದ್ಯರದೇ ಆಗಲಿ.

ಮನೆಯಲ್ಲಿ: ಕಣ್ಣಿನ ಪೊರೆ ಇದೆಯೇ ಪರೀಕ್ಷೆ ಮಾಡಿಸಿ. ಸಂಜೆ ಐದೂವರೆಗೇ ಜಗುಲಿ, ಅಂಗಳದ ದೀಪ ಹಾಕಿ. ಮೂಟೆ, ನೇತುಹಾಕಿದ ಕಂಬಳಿ ಕಣ್ಣಿಗೆ ಬೀಳುವಲ್ಲಿ ಬೇಡ. "ಯಾರೂ ಇಲ್ಲ, ಸುಮ್ನಿರಿ" ಎಂದು ಗದರಿದರೆ ಅವರಿಗೆ ಅವಮಾನ, ಊಟ ಬಡಿಸಿದಂತೆ ನಟಿಸಿದರೆ ಭ್ರಮೆ ಗಟ್ಟಿ. "ಅಪ್ಪಯ್ಯ, ನಂಗೆ ಕಾಣ್ತಾ ಇಲ್ಲ, ಬನ್ನಿ, ಲೈಟ್ ಹಾಕಿ ನೋಡೋಣ" ಎಂದು ಕೈ ಹಿಡಿದು ಹತ್ತಿರಕ್ಕೆ ಕರೆದುಕೊಂಡು ಹೋಗಿ.