ನಿಮ್ಮ ಲೆಕ್ಕದಲ್ಲಿ ಬಿಟ್ಟುಹೋದ 28,000

ಓದುಗರ ಪತ್ರ: ನಾನು ಮಂಡ್ಯದವನು, ವಯಸ್ಸು 31. ಬೆಂಗಳೂರಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರ್. ಕೈಗೆ 62,000 ಬರುತ್ತದೆ. ಈಗ ಬಳ್ಳಾರಿ ಜಿಲ್ಲೆಯ ತೋರಣಗಲ್ಲು ಕಡೆಯ ಒಂದು ಕಾರ್ಖಾನೆಯವರು 1,10,000 ಕೊಡುತ್ತೇವೆ ಬನ್ನಿ ಅಂದಿದ್ದಾರೆ. ಕಾಲೊನಿಯಲ್ಲಿ ಮನೆಯೂ ಸಿಗುತ್ತದೆ. ಅಂದರೆ ಇಲ್ಲಿ ಕಟ್ಟುವ 22,000 ಬಾಡಿಗೆಯೂ ಉಳಿಯುತ್ತದೆ. ಒಟ್ಟು ತಿಂಗಳಿಗೆ 70,000 ಲಾಭ. ತಂಗಿ ಮದುವೆಯ ಸಾಲ 14 ಲಕ್ಷ ಇದೆ, 20 ತಿಂಗಳಲ್ಲಿ ತೀರುತ್ತದೆ. ಆದರೆ ಊರು ಸಪ್ಪೆ, ಬಿಸಿಲು, ಧೂಳು, ಸಂಜೆ ಹೋಗೋಕೆ ಒಂದು ಜಾಗ ಇಲ್ಲ ಅಂತ ಗೆಳೆಯರು ಹೆದರಿಸುತ್ತಿದ್ದಾರೆ. ಹೆಂಡತಿ ಫಿಸಿಯೋಥೆರಪಿಸ್ಟ್, ಅವಳಿಗೆ 28,000 ಸಂಬಳ. ಅವಳು ಹೊಂದಿಕೊಳ್ತಾಳೆ. ತಿಂಗಳ ಕೊನೆಯೊಳಗೆ ಉತ್ತರ ಹೇಳಬೇಕು. ಹೋಗಲೋ ಬೇಡವೋ?

ಸಂಪಾದಕರ ಉತ್ತರ:

ನಿಮ್ಮ ಪತ್ರ ನಾಲ್ಕು ಪುಟ ಇತ್ತು. ಅದರಲ್ಲಿ ನಿಮ್ಮ ಮನೆಯವರ ಬಗ್ಗೆ ಇದ್ದದ್ದು ಎರಡೇ ಸಾಲು. "ಅವಳು ಹೊಂದಿಕೊಳ್ತಾಳೆ" ಅನ್ನುವ ಕಡೆ ನಾನು ತುಂಬಾ ಹೊತ್ತು ನಿಂತೆ. ಯಾಕೆಂದರೆ ಮೂವತ್ತು ವರ್ಷದ ಹಿಂದೆ ನನ್ನ ಬಗ್ಗೆಯೂ ಯಾರೋ ಹೀಗೇ ಹೇಳಿದ್ದರು.

ಮದುವೆಯಾಗಿ ನಾನು ಬಂದದ್ದು ಸಂಡೂರು ಕಡೆಯ ಒಂದು ಗಣಿ ಕಾಲೊನಿಗೆ. ಯಜಮಾನರಿಗೆ ಒಳ್ಳೆ ಸಂಬಳ. ಮನೆ, ಕರೆಂಟು, ನೀರು ಎಲ್ಲಾ ಕಂಪನಿಯದ್ದೇ. ಬೆಳಗ್ಗೆ ಐದೂವರೆಗೆ ಬಸ್ಸು ಬರುತ್ತಿತ್ತು, ಅವರು ಹೋಗುತ್ತಿದ್ದರು. ಅಲ್ಲಿಂದ ನನ್ನ ದಿನ ಶುರು. ಕಿಟಕಿಯ ಕಟ್ಟೆ ಒರೆಸಿದರೆ ಬಟ್ಟೆ ಕೆಂಪಾಗುತ್ತಿತ್ತು. ಮಧ್ಯಾಹ್ನ ಇನ್ನೊಮ್ಮೆ ಒರೆಸಿದರೂ ಕೆಂಪೇ. ಬಿಳಿ ಪಂಚೆಯನ್ನು ಒಳಗೇ ಒಣಗಿಸುತ್ತಿದ್ದೆ. ಆದರೆ ಧೂಳಿಗೆ ಮನುಷ್ಯ ಒಗ್ಗುತ್ತಾನೆ. ಕಷ್ಟವಾಗಿದ್ದು ಬೇರೆ. ಅವರಿಗೆ ಅಲ್ಲಿ ಕೆಲಸ ಇತ್ತು, ಜೊತೆಗಾರರಿದ್ದರು, ಬೈಯೋಕೆ ಒಬ್ಬ ಮೇಲಧಿಕಾರಿ ಇದ್ದ. ನನಗೆ ಇದ್ದದ್ದು ಆ ಕಿಟಕಿ. ಮೂರನೇ ವರ್ಷ ಸಂಡೂರಿನಲ್ಲಿ ಒಂದು ಶಾಲೆಗೆ ಸೇರಿದೆ. ಸಂಬಳ 1,200 ರೂಪಾಯಿ. ಅದೇ ಊರು, ಅದೇ ಬಿಸಿಲು. ಆದರೂ ಅವತ್ತಿಂದ ಸಪ್ಪೆ ಅನ್ನಿಸಲಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ. ಕೆಲಸ ನಿಮ್ಮದು, ಆದರೆ ಊರಿನಲ್ಲಿ ದಿನವಿಡೀ ಇರಬೇಕಾದವರು ಅವರು. ಸಪ್ಪೆ ಊರಿಗೆ ನೀವು ಹೆದರುತ್ತಿದ್ದೀರಿ, ಆದರೆ ಆ ಸಪ್ಪೆಯ ಮುಕ್ಕಾಲು ಪಾಲು ಬೀಳುವುದು ಅವರ ತಲೆ ಮೇಲೆ. ನೀವು ಸೆಕೆಂಡ್ ಶಿಫ್ಟ್ ಮುಗಿಸಿ ರಾತ್ರಿ ಹತ್ತೂವರೆಗೆ ಬಂದು ಮಲಗುತ್ತೀರಿ. ಅವರು?

ಈಗ ದುಡ್ಡಿನ ವಿಷಯ. ಸಾಲ ಇರುವವರಿಗೆ ದುಡ್ಡೇ ಮುಖ್ಯ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ನಿಮ್ಮ 70,000ದ ಲೆಕ್ಕದಲ್ಲಿ ಮನೆಯವರ 28,000 ಎಲ್ಲಿ ಹೋಯ್ತು? ಕಾಲೊನಿಗೆ ಬಂದರೆ ಅವರು ಕೆಲಸ ಬಿಡಬೇಕು. ಆಗ ನಿಮಗೆ ನಿಜವಾಗಿ ಹೆಚ್ಚಾಗುವುದು 42,000. ಬಡ್ಡಿ ಬಿಟ್ಟರೂ ಸಾಲ ತೀರೋಕೆ 33 ತಿಂಗಳಿಗಿಂತ ಸ್ವಲ್ಪ ಜಾಸ್ತಿಯೇ ಬೇಕು, 20 ಅಲ್ಲ.

ಇನ್ನೊಂದು ರೀತಿ ನೋಡಿ. ಕಾಲೊನಿ ಮನೆ ಬೇಡ ಅನ್ನಿ, ಬಳ್ಳಾರಿಯಲ್ಲಿ ಮನೆ ಮಾಡಿ. ತೋರಣಗಲ್ಲಿಗೆ ಸುಮಾರು 30 ಕಿಲೋಮೀಟರ್. ಬಾಡಿಗೆ 12,000 ಅಂತ ಇಟ್ಟುಕೊಳ್ಳಿ. ಬಳ್ಳಾರಿಯಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜಿದೆ, ಖಾಸಗಿ ಆಸ್ಪತ್ರೆಗಳು ಬೇಕಾದಷ್ಟಿವೆ. ಮನೆಯವರಿಗೆ ಬೆಂಗಳೂರಿಗಿಂತ ಕಡಿಮೆಯೇ ಸಿಗಲಿ, 18,000 ಅನ್ನಿ. ಆಗ ತಿಂಗಳಿಗೆ 48,000 ಹೆಚ್ಚಾಗುತ್ತದೆ. ಬಾಡಿಗೆ ಕಟ್ಟಿದರೂ ಕಾಲೊನಿಗಿಂತ 6,000 ಜಾಸ್ತಿ, ಸಾಲವೂ ನಾಲ್ಕು ತಿಂಗಳು ಮೊದಲೇ ತೀರುತ್ತದೆ. ಪುಕ್ಕಟೆ ಮನೆ ಪುಕ್ಕಟೆ ಅಲ್ಲ, ಅಲ್ವಾ? ಕಂಪನಿ ಬಸ್ಸು ಬಳ್ಳಾರಿವರೆಗೆ ಬರುತ್ತದಾ, ಮನೆ ಬೇಡ ಅಂದರೆ ಬಾಡಿಗೆ ಭತ್ಯೆ ಕೊಡುತ್ತಾರಾ, ನೈಟ್ ಶಿಫ್ಟ್ ಎಷ್ಟು ಅಂತ ಕೇಳಿ ಬರೆದುಕೊಳ್ಳಿ. ನೈಟ್ ಶಿಫ್ಟ್ ಮುಗಿಸಿ ನಿದ್ದೆಗಣ್ಣಲ್ಲಿ ಬೈಕ್ ಓಡಿಸಿಕೊಂಡು ಆ ಲಾರಿಗಳ ಮಧ್ಯೆ ಬರುವ ಯೋಚನೆ ಮಾತ್ರ ಬೇಡ. ಬಸ್ಸು ಇಲ್ಲ ಅಂದರೆ ಈ ಲೆಕ್ಕವನ್ನೇ ಬಿಟ್ಟುಬಿಡಿ.

ಹೊಸ ಸಂಬಳ ನೋಡಿ ಕಾರು, ಸೈಟು ಅಂತ ಹೊಸ ಕಂತು ಕಟ್ಟಿಕೊಳ್ಳಬೇಡಿ. ನಮ್ಮ ಕಡೆ ಬಹಳ ಮನೆಗಳಲ್ಲಿ ಅದಿರಿನ ದುಡ್ಡೇ ಒಲೆ ಉರಿಸುತ್ತದೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಅಕ್ರಮ ಅಷ್ಟು ಬೆಳೆದಿತ್ತು, ನಿಲ್ಲಿಸಿದ್ದು ಸರಿಯೇ. ಆದರೆ ಕಂತಿನ ಮೇಲೆ ಲಾರಿ ತಂದ ಹುಡುಗರು ಏನಾದರು? ರಸ್ತೆ ಪಕ್ಕ ಸಾಲಾಗಿ ನಿಂತ ಲಾರಿಗಳನ್ನು, ಚಕ್ರದ ಸುತ್ತ ಹುಲ್ಲು ಬೆಳೆದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. 2013ರಲ್ಲಿ ಮತ್ತೆ ಕೆಲವು ಗಣಿಗಳಿಗೆ ಅನುಮತಿ ಸಿಕ್ಕಿತು, ಎಲ್ಲರ ಲಾರಿಯೂ ಮತ್ತೆ ಓಡಲಿಲ್ಲ. ನಿಮ್ಮದು ಕಾರ್ಖಾನೆ, ಬೇರೆ ಮಾತು. ಆದರೂ ಬಂದ ಹೆಚ್ಚಿನ ದುಡ್ಡು ಹಳೇ ಸಾಲಕ್ಕೇ ಹೋಗಲಿ.

ಇನ್ನು "ಸಪ್ಪೆ" ಅನ್ನುವ ಮಾತು. ಬಳ್ಳಾರಿಯವಳಾಗಿ ನನಗೆ ಸ್ವಲ್ಪ ನೋವಾಯಿತು. ಮಾಲ್ ಸುತ್ತೋದೇ ಸಂಜೆ ಅನ್ನುವವರಿಗೆ ಇಲ್ಲಿ ಬೇಜಾರಾಗುತ್ತದೆ, ಸುಳ್ಳು ಹೇಳಲ್ಲ. ಏಪ್ರಿಲ್, ಮೇನಲ್ಲಿ ನಲವತ್ತು ಡಿಗ್ರಿ ದಾಟುತ್ತದೆ, ರಾತ್ರಿಯೂ ಗೋಡೆ ಬಿಸಿ ಇರುತ್ತದೆ. ಆದರೆ ಮಳೆ ಬಿದ್ದ ಮೇಲೆ ಸಂಡೂರಿನ ಗುಡ್ಡ ನೋಡಿ. ಕೆಂಪು ಮಣ್ಣಿನ ಮೇಲೆ ಹಸಿರು ಏರಿ, ಬೆಳಗ್ಗೆ ಮೋಡ ಗುಡ್ಡದ ಸೊಂಟದ ಹತ್ತಿರ ನಿಂತಿರುತ್ತದೆ. ಜನ ಹಂಪಿ ನೋಡೋಕೆ ದೇಶ ದೇಶಗಳಿಂದ ಬರುತ್ತಾರೆ, ನೀವು ಭಾನುವಾರ ಬೆಳಗ್ಗೆ ತಿಂಡಿ ತಿಂದು ಹೊರಟರೆ ಸಾಕು. ಸಂಜೆ ಬಳ್ಳಾರಿಯಲ್ಲಿ ಒಗ್ಗರಣೆ ಮಂಡಕ್ಕಿ ಜೊತೆ ಬಿಸಿ ಮೆಣಸಿನಕಾಯಿ ಬಜ್ಜಿ ತಿನ್ನಿ. ಅದನ್ನು ಸಪ್ಪೆ ಅಂದವರನ್ನು ನಾನಿನ್ನೂ ಕಂಡಿಲ್ಲ. ಮಂಡ್ಯವೂ ದೂರ ಅಲ್ಲ. ಹಂಪಿ ಎಕ್ಸ್‌ಪ್ರೆಸ್ ರಾತ್ರಿ ಹತ್ತಿ ಮಲಗಿದರೆ ಬೆಂಗಳೂರು ದಾಟಿ ನಿಮ್ಮೂರಿಗೇ ಬರುತ್ತದೆ. ಅಪ್ಪ ಅಮ್ಮನನ್ನು ತಿಂಗಳಿಗೊಮ್ಮೆ ನೋಡಬಹುದು.

ನನ್ನನ್ನು ಕೇಳಿದರೆ ಬನ್ನಿ ಅನ್ನುತ್ತೇನೆ. ಆದರೆ ಈಗಲೇ ರಾಜೀನಾಮೆ ಕೊಡಬೇಡಿ. ತಿಂಗಳ ಕೊನೆಗೆ ಇನ್ನೂ ಮೂರು ವಾರ ಇದೆ. ನಾಲ್ಕು ದಿನ ರಜೆ ಹಾಕಿ ಇಬ್ಬರೂ ಬನ್ನಿ. ನೀವು ಕಾರ್ಖಾನೆ ನೋಡುವಾಗ ಅವರು ಆಸ್ಪತ್ರೆಗಳಿಗೆ ಹೋಗಿ ಕೆಲಸ ವಿಚಾರಿಸಲಿ. ಒಂದು ಸಂಜೆ ಏಳು ಗಂಟೆಗೆ ಕಾಲೊನಿಯಲ್ಲಿ ನಡೆದಾಡಿ, ಅಲ್ಲಿರುವ ಹೆಂಗಸರನ್ನು ಮನೆಯವರೇ ಮಾತಾಡಿಸಲಿ. ವಾಪಸ್ ಹೋಗುವ ರೈಲಿನಲ್ಲಿ ಅವರು ಬೇಡ ಅಂದರೆ, ಬೇಡ. ಆಗ ಸಾಲಕ್ಕೆ ಬೇರೆ ದಾರಿ ಹುಡುಕೋಣ, ಅದಕ್ಕೂ ನನಗೆ ಬರೆಯಿರಿ.

ಬಂದಾಗ ನಮ್ಮ ಆಫೀಸಿಗೂ ಬನ್ನಿ. ನಿಮಗಿಂತ ನಿಮ್ಮ ಮನೆಯವರ ಜೊತೆ ನನಗೆ ಮಾತಾಡೋದು ಜಾಸ್ತಿ ಇದೆ.