ಆರು ವಾರದ ಕೋಳಿಮರಿಗಳು ಸಂಜೆ ಹೊಸ ಗೂಡಿಗೆ ಹೋಗುತ್ತಿಲ್ಲ, ಅಭ್ಯಾಸ ಮಾಡಿಸುವುದು ಹೇಗೆ?

ಶಹಾಪುರದ ಕಡೆಯವರಾದ ನೀವು ಗಿರಿರಾಜ ತಳಿಯ ಮರಿಗಳನ್ನು ತಗಡಿನ ಹೊಸ ಗೂಡಿಗೆ ಸಾಗಿಸಿದ್ದೀರಿ. ಸಂಜೆ ಅವು ಒಳಗೆ ಹೋಗದೆ ಬಾಗಿಲ ಮುಂದೆಯೇ ಗುಂಪಾಗಿ ಕೂರುತ್ತವೆ, ಒಂದೊಂದಾಗಿ ಹಿಡಿದು ಒಳಗೆ ಹಾಕಿ ಬಾಗಿಲು ಮುಚ್ಚುತ್ತಿದ್ದೇವೆ ಎಂದು ಬರೆದಿದ್ದೀರಿ. ಒಳಗೆ ಬಲ್ಬ್ ಹಾಕಬೇಕೇ, ಇದನ್ನು ಬಿಟ್ಟು ಸಿದ್ಧ ಗೂಡು ಕೊಳ್ಳಬೇಕೇ ಎಂದೂ ಕೇಳಿದ್ದೀರಿ. ಈ ಉತ್ತರವನ್ನು ನೀವು ಇಂದು ಹೊತ್ತು ಮುಳುಗುವುದರೊಳಗೆ ಓದಿದರೆ ಒಳ್ಳೆಯದು, ಏಕೆಂದರೆ ಮರಿಗಳನ್ನು ಹಿಡಿದು ಒಳಗೆ ಹಾಕುವ ಕೆಲಸವನ್ನು ನೀವು ಇಂದೇ ನಿಲ್ಲಿಸಬೇಕು. ನಿಮ್ಮ ಮರಿಗಳಿಗೆ ಕಲಿಸಬೇಕಾದದ್ದು ಏನೂ ಇಲ್ಲ. ಅವು ಒಳಗೆ ಹೋಗದಿರುವುದಕ್ಕೆ ಕಾರಣವಿದೆ, ಮತ್ತು ಆ ಕಾರಣ ಗೂಡಿನಲ್ಲಿದೆ ಎಂದು ನಾನು ನಂಬುತ್ತೇನೆ.

ನಮ್ಮ ಮನೆ ಕಲಬುರಗಿಯ ಅಂಚಿನಲ್ಲಿದೆ. ಮನೆ ಕಟ್ಟುವಾಗ ಉಳಿದಿದ್ದ ಶಹಾಬಾದ್ ಫರಸಿಕಲ್ಲುಗಳನ್ನು ನಿಲ್ಲಿಸಿ, ನೆಲಕ್ಕೂ ಅವನ್ನೇ ಹಾಸಿ, ಮೇಲೆ ತಗಡು ಹೊದಿಸಿ, ಹಿತ್ತಿಲಲ್ಲಿ ನಾನೇ ಗೂಡು ಕಟ್ಟಿದ್ದೆ. ಹೆಗ್ಗಣ ಕೊರೆಯಬಾರದು, ಮುಂಗುಸಿ ನೆಲ ಕೆದರಿ ಒಳಗೆ ಬರಬಾರದು, ಹಾವು ನುಸುಳಬಾರದು ಎಂಬುದಷ್ಟೇ ಆಗ ನನ್ನ ಚಿಂತೆಯಾಗಿತ್ತು. ಆ ಲೆಕ್ಕದಲ್ಲಿ ಅದು ನಿಜಕ್ಕೂ ಗಟ್ಟಿ ಗೂಡು. ಆದರೆ ಅದನ್ನು ಮನೆಯ ಪಡುವಣ ಗೋಡೆಗೆ ಒತ್ತಿ ಕಟ್ಟಿದ್ದೆ. ಮಧ್ಯಾಹ್ನದಿಂದ ಹೊತ್ತು ಮುಳುಗುವವರೆಗೆ ಬಿಸಿಲೆಲ್ಲ ಅದರ ಮೇಲೆಯೇ ಬೀಳುತ್ತಿತ್ತು. ಏಪ್ರಿಲ್-ಮೇ ತಿಂಗಳಲ್ಲಿ ನಮ್ಮ ಕಡೆ ಉಷ್ಣಾಂಶ 42 ಡಿಗ್ರಿ ದಾಟುವುದು ಸಾಮಾನ್ಯವೆಂದು ನಿಮಗೆ ಹೇಳಬೇಕಾಗಿಲ್ಲ. ನಿಮ್ಮ ಯಾದಗಿರಿ ಜಿಲ್ಲೆಯೂ ಇದಕ್ಕಿಂತ ತಂಪಾಗೇನೂ ಇಲ್ಲ.

ಮರಿಗಳು ಅಲ್ಲಿಯವರೆಗೆ ಪಡಸಾಲೆಯಲ್ಲಿ ರಟ್ಟಿನ ಆವರಣದೊಳಗೆ ಬಲ್ಬಿನ ಕೆಳಗೆ ಬೆಳೆದಿದ್ದವು. ಮೊದಲ ವಾರ ಮರಿಗಳ ಬೆನ್ನಿನ ಮಟ್ಟದಲ್ಲಿ ಸುಮಾರು 35 ಡಿಗ್ರಿ ಶಾಖ ಇರಬೇಕು, ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿಯಂತೆ ಇಳಿಸುತ್ತ ಬರಬೇಕು ಎಂಬುದನ್ನು ಶ್ರದ್ಧೆಯಿಂದ ಪಾಲಿಸಿದ್ದೆ. ಆರನೆಯ ವಾರಕ್ಕೆ ಮೈತುಂಬ ಪುಕ್ಕ ಬಂದಿತ್ತು, ಮರಿಗಳು ಚುರುಕಾಗಿದ್ದವು. ಗೂಡಿಗೆ ಸಾಗಿಸಿದ ಮೇಲೆ ಹಗಲೆಲ್ಲ ಬೇವಿನ ಮರದ ಕೆಳಗೆ ಕೆದರುತ್ತ ಚೆನ್ನಾಗಿಯೇ ಇರುತ್ತಿದ್ದವು. ಸಂಜೆಯಾದೊಡನೆ ನೀವು ಬರೆದಿರುವಂತೆಯೇ ಬಾಗಿಲವರೆಗೆ ಬಂದು, ಕತ್ತು ಚಾಚಿ ಒಳಗೆ ನೋಡಿ, ಹಿಂದೆ ಸರಿದು ನೆಲದ ಮೇಲೆ ಒತ್ತಾಗಿ ಕೂರುತ್ತಿದ್ದವು. ನಾನು ಇದನ್ನು ಹಟವೆಂದು ತಿಳಿದು ಪ್ರತಿ ಸಂಜೆ ಹಿಡಿದು ಒಳಗೆ ಬಿಡುತ್ತಿದ್ದೆ.

ನಾನು ಮಾಡಿದ ತಪ್ಪನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಎಚ್ಚರಿಕೆಯ ಸೋಗಿನಲ್ಲಿ ಬರುವ ಇಂಥ ತಪ್ಪನ್ನು ಮರಿಗಳ ಮೇಲೆ ಅಕ್ಕರೆ ಇರುವವರೇ ಹೆಚ್ಚಾಗಿ ಮಾಡುತ್ತಾರೆ. ಗೋಡೆಗೂ ತಗಡಿಗೂ ನಡುವೆ ಎರಡು ಕಡೆ ಒಂದು ಗೇಣಿನಷ್ಟು ಸಂದು ಬಿಟ್ಟಿದ್ದೆ. ಒಂದು ಸಂಜೆ ಗಂಡುಬೆಕ್ಕೊಂದು ಆ ಸಂದಿನ ಪಕ್ಕದಲ್ಲೇ ಕುಳಿತಿದ್ದನ್ನು ಕಂಡೆ. ಅಲ್ಲಿಗೆ ಜಾಲರಿ ಹೊಡೆಯಬೇಕಾಗಿತ್ತು, ಆದರೆ ಮನೆಯಲ್ಲಿ ಜಾಲರಿ ಇರಲಿಲ್ಲ, ಅಂಗಡಿ ಮುಚ್ಚುವ ಹೊತ್ತಾಗಿತ್ತು. ಒಂದು ರಾತ್ರಿಯ ಮಟ್ಟಿಗೆ ಎಂದುಕೊಂಡು ಗೋಣಿಚೀಲಗಳನ್ನು ಮಡಿಸಿ ಎರಡೂ ಸಂದುಗಳಿಗೆ ತುರುಕಿದೆ. ಮರಿಗಳನ್ನು ಎಂದಿನಂತೆ ಹಿಡಿದು ಒಳಗೆ ಬಿಟ್ಟು ಬಾಗಿಲು ಹಾಕಿದೆ. ಬೆಳಿಗ್ಗೆ ಬಾಗಿಲು ತೆರೆದಾಗ ಅರ್ಧಕ್ಕಿಂತ ಹೆಚ್ಚು ಮರಿಗಳು ಬಾಗಿಲ ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದು ಸತ್ತಿದ್ದವು. ಯಾವುದರ ಮೈಮೇಲೂ ಒಂದು ಗಾಯವಿರಲಿಲ್ಲ. ಬೆಕ್ಕು ಒಳಗೆ ಬಂದೇ ಇರಲಿಲ್ಲ.

ಆ ರಾತ್ರಿ ಒಳಗೆ ನಡೆದದ್ದನ್ನು ಆಮೇಲೆ ಪಶುವೈದ್ಯರೊಬ್ಬರು ನನಗೆ ಬಿಡಿಸಿ ಹೇಳಿದರು. ಕೋಳಿಗೆ ಬೆವರುಗ್ರಂಥಿಗಳಿಲ್ಲ. ಅದರ ಮೈ ಶಾಖ ನಮಗಿಂತ ಹೆಚ್ಚು, ಸುಮಾರು 41 ಡಿಗ್ರಿ. ಸುತ್ತಲಿನ ಗಾಳಿ ಅಷ್ಟೇ ಬಿಸಿಯಾದಾಗ ಅದಕ್ಕೆ ಉಳಿಯುವ ಉಪಾಯ ಒಂದೇ, ಕೊಕ್ಕು ತೆರೆದು ಏದುಸಿರು ಬಿಡುತ್ತ ಗಂಟಲಿನ ತೇವವನ್ನು ಆವಿಯಾಗಿಸುವುದು. ಕಲ್ಲು ಹಗಲೆಲ್ಲ ಕುಡಿದ ಬಿಸಿಯನ್ನು ಹೊತ್ತು ಮುಳುಗಿದ ಮೇಲೆ ಒಳಗೆ ಬಿಡುತ್ತಿತ್ತು. ಮರಿಗಳು ಬಿಟ್ಟ ಉಸಿರಿನ ಆವಿಗೆ ಹೊರಹೋಗುವ ದಾರಿಯನ್ನು ನಾನು ಗೋಣಿಯಿಂದ ಮುಚ್ಚಿದ್ದೆ. ಗಾಳಿಯಲ್ಲಿ ತೇವ ತುಂಬಿದಷ್ಟೂ ಏದುಸಿರು ನಿರುಪಯೋಗವಾಗುತ್ತದೆ, ನಿರುಪಯೋಗವಾದಷ್ಟೂ ಮರಿ ಹೆಚ್ಚು ಏದುಸಿರು ಬಿಡುತ್ತದೆ, ಅದರಿಂದ ಗಾಳಿ ಇನ್ನಷ್ಟು ತೇವವಾಗುತ್ತದೆ. ಇದರ ಜೊತೆಗೆ, ಹುಟ್ಟಿದಂದಿನಿಂದ ಬಲ್ಬಿನ ಬೆಳಕಿನಲ್ಲೇ ಮಲಗಿದ ಮರಿಗಳು ಕಗ್ಗತ್ತಲೆಯಲ್ಲಿ ಗಾಬರಿಯಾಗಿ ಒಂದು ಮೂಲೆಗೆ ನುಗ್ಗುತ್ತವೆ. ಕೆಳಗೆ ಸಿಕ್ಕವು ಉಸಿರುಗಟ್ಟುತ್ತವೆ. ಬಾಗಿಲ ಸಂದಿಯಿಂದ ಎಳೆಯಷ್ಟು ಗಾಳಿ ಬರುತ್ತಿದ್ದುದರಿಂದ ಎಲ್ಲವೂ ಅಲ್ಲಿಗೇ ನುಗ್ಗಿದ್ದವು. ಗೋಣಿಯ ಬದಲು ಒಂದು ಹಳೆಯ ಜರಡಿಯನ್ನಾದರೂ ಅಲ್ಲಿ ತಂತಿಯಿಂದ ಬಿಗಿದಿದ್ದರೆ ಬೆಕ್ಕೂ ಹೊರಗಿರುತ್ತಿತ್ತು, ಗಾಳಿಯೂ ಆಡುತ್ತಿತ್ತು. ಕಾವಲಿಗಾಗಿ ಗಾಳಿಯನ್ನು ಮುಚ್ಚಬಾರದು ಎಂಬ ಒಂದೇ ಮಾತು ನನಗೆ ಗೊತ್ತಿದ್ದರೆ ಸಾಕಾಗಿತ್ತು.

ಓಣಿಯಲ್ಲಿ ನಾವೆಲ್ಲ ಆಯಿ ಎಂದು ಕರೆಯುವ ಹಿರಿಯರೊಬ್ಬರು ಮರುದಿನ ಬಂದು ನೋಡಿದರು. ಬಹಳ ಕಾಲದಿಂದ ಕೋಳಿ ಸಾಕಿದವರು. ಅವರು ನನ್ನನ್ನು ಬೈಯಲಿಲ್ಲ. “ದೀಪ ಹಚ್ಚೋ ಹೊತ್ತಿನ್ಯಾಗ ಒಳಗ ಕೈ ಇಟ್ಟು ನೋಡಪ್ಪಾ” ಎಂದಷ್ಟೇ ಹೇಳಿ ಹೋದರು. ಆ ಸಂಜೆ ಕೈ ಇಟ್ಟು ನೋಡಿದೆ. ಹೊರಗೆ ಗಾಳಿ ತಣ್ಣಗಾಗುತ್ತಿತ್ತು. ಒಳಗಿನ ಕಲ್ಲಿನ ಮೇಲೆ ಅಂಗೈ ಇಡಲಾಗಲಿಲ್ಲ.

ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಅಲ್ಲಿಯೇ. ಕೋಳಿಗೆ ಕತ್ತಲಲ್ಲಿ ಕಣ್ಣು ಸರಿಯಾಗಿ ಕಾಣದು, ಆದ್ದರಿಂದ ಅದು ಪೂರ್ತಿ ಕತ್ತಲಾಗುವ ಮುಂಚೆಯೇ ತಂಗುವ ಜಾಗವನ್ನು ಆರಿಸಿಕೊಳ್ಳುತ್ತದೆ. ಬೇಸಿಗೆಯಲ್ಲಿ ನಮ್ಮ ಕಡೆ ಅದು ಆರೂವರೆಯಿಂದ ಏಳರ ನಡುವಿನ ಹೊತ್ತು. ಕಲ್ಲಿನ ಅಥವಾ ತಗಡಿನ ಗೂಡು ಹೊರಗಿನ ಗಾಳಿಗಿಂತ ಬಹಳ ಬಿಸಿಯಾಗಿರುವ ಹೊತ್ತೂ ಅದೇ. ನಾವು ಗೂಡನ್ನು ಬೆಳಿಗ್ಗೆ ತೊಳೆಯಲು ಹೋಗಿ ನೋಡುತ್ತೇವೆ, ಇಲ್ಲವೇ ಮಲಗುವ ಮುಂಚೆ ಬೀಗ ನೋಡಲು ಹೋಗುತ್ತೇವೆ. ಎರಡೂ ಹೊತ್ತಿನಲ್ಲಿ ಅದು ಸಂಜೆಯಷ್ಟು ಬಿಸಿಯಾಗಿರುವುದಿಲ್ಲ. ಇಂದು ಸಂಜೆ ಏಳಕ್ಕೆ, ಮರಿಗಳು ಕೂರುವ ಎತ್ತರದಲ್ಲಿ ಒಂದು ಉಷ್ಣಮಾಪಕವನ್ನು ತೂಗುಹಾಕಿ ನೋಡಿ. ಒಳಗಿನ ಅಂಕಿ ಹೊರಗಿಗಿಂತ ಹೆಚ್ಚಿದ್ದರೆ ಮರಿಗಳನ್ನು ದೂರಬೇಡಿ. ಕಾಳು ಚೆಲ್ಲಿ ಆಸೆ ತೋರಿಸಿ ಒಳಗೆ ಕರೆಯಿರಿ ಎಂದು ಹಲವರು ನಿಮಗೆ ಹೇಳಿದ್ದಾರಂತೆ. ಬಿಸಿ ಗೂಡಿಗೆ ಆಸೆ ತೋರಿಸಿ ಕರೆಯುವುದು ನನ್ನ ದೃಷ್ಟಿಯಲ್ಲಿ ಹಿಡಿದು ತುಂಬುವುದಕ್ಕಿಂತ ಒಳ್ಳೆಯದೇನಲ್ಲ.

ಗೂಡು ಸರಿಯಾಗುವವರೆಗೆ ರಾತ್ರಿ ಮರಿಗಳನ್ನು ಹಳೆಯ ಜಾಗದಲ್ಲೇ, ಪಡಸಾಲೆಯಲ್ಲೋ ಜಗಲಿಯಲ್ಲೋ, ಗಾಳಿಯಾಡುವ ಬುಟ್ಟಿಗಳ ಕೆಳಗೆ ಕೆಲವೇ ಕೆಲವನ್ನು ಒಟ್ಟಿಗೆ ಇರಿಸಿ ಮಲಗಿಸಿ. ತಾಯಿಕೋಳಿ ಇದ್ದಿದ್ದರೆ ಅದೇ ಇವುಗಳನ್ನು ರೆಕ್ಕೆಯಡಿ ಕೂಡಿಸಿಕೊಂಡು ಜಾಗ ತೋರಿಸುತ್ತಿತ್ತು. ಕೊಂಡು ತಂದ ಮರಿಗಳಿಗೆ ಅದಿಲ್ಲ, ಆ ಕೆಲಸ ನಿಮ್ಮದು.

ನಾನು ಗೂಡನ್ನು ಕಿತ್ತು ಮನೆಯ ಮೂಡಣ ಬದಿಗೆ, ಮಧ್ಯಾಹ್ನದ ನಂತರ ಮನೆಯ ನೆರಳು ಬೀಳುವ ಕಡೆಗೆ ಸಾಗಿಸಿದೆ. ನೀವು ಜಾಗ ಬದಲಿಸಲಾಗದಿದ್ದರೆ ಪಡುವಣ ಬದಿಗೆ ತೊಗರಿ ಕಟ್ಟಿಗೆಯ ತಟ್ಟಿಯನ್ನು ಗೂಡಿನಿಂದ ಒಂದಡಿ ದೂರದಲ್ಲಿ ನಿಲ್ಲಿಸಿ. ತಗಡಿನ ಮೇಲೆ ಸುಣ್ಣ ಬಳಿದು, ಅದರ ಮೇಲೆ ಜೋಳದ ಕಣಿಕೆಯನ್ನು ದಪ್ಪಗೆ ಹೊದಿಸಿ. ಒಣಕಣಿಕೆಗೆ ಬೆಂಕಿಯ ಭಯವಿರುವುದರಿಂದ ಒಲೆ, ವಿದ್ಯುತ್ ತಂತಿಗಳು ಹತ್ತಿರ ಇರದಂತೆ ನೋಡಿಕೊಳ್ಳಬೇಕು. ಹೊಸದಾಗಿ ಕಟ್ಟುವುದಾದರೆ ಉದ್ದವನ್ನು ಪೂರ್ವ-ಪಶ್ಚಿಮವಾಗಿ ಇಡಿ, ಆಗ ಬೆಳಗಿನ ಮತ್ತು ಸಂಜೆಯ ಬಿಸಿಲಿಗೆ ಸಿಗುವುದು ಹೆಚ್ಚಾಗಿ ಕಿರಿದಾದ ಗೋಡೆಗಳು. ಉದ್ದದ ಎರಡೂ ಬದಿಗಳ ಮೇಲರ್ಧ ಜಾಲರಿಯಾಗಿರಲಿ. ಆರು ಮೂಲೆಯ ಕಣ್ಣುಗಳಿರುವ ತೆಳು ಕೋಳಿಜಾಲರಿ ಕೋಳಿಯನ್ನು ಒಳಗೆ ಇಡಬಲ್ಲದೇ ಹೊರತು ಮುಂಗುಸಿಯನ್ನು ಹೊರಗೆ ಇಡಲಾರದು. ಅರ್ಧ ಇಂಚು ಕಣ್ಣಿನ ಬೆಸುಗೆ ಜಾಲರಿ ತನ್ನಿ, ಅದನ್ನು ನೆಲದೊಳಗೂ ಒಂದಡಿ ಇಳಿಸಿ. ನೆಲಕ್ಕೆ ಮೂರು-ನಾಲ್ಕು ಇಂಚು ಹೊಟ್ಟು ಹಾಸಿ. ನಾರಾಯಣಪುರ ಕಾಲುವೆಯ ನೀರಿನಿಂದ ನಿಮ್ಮ ಶಹಾಪುರ, ಸುರಪುರದ ಕಡೆ ಭತ್ತ ಬೆಳೆಯುವುದರಿಂದ ಭತ್ತದ ಹೊಟ್ಟು ಸುಲಭವಾಗಿ ಸಿಗುತ್ತದೆ. ನಮಗೆ ಸಿಗುವ ಶೇಂಗಾ ಸಿಪ್ಪೆ ಒದ್ದೆಯಾದರೆ ಬೂಷ್ಟು ಹಿಡಿಯುತ್ತದೆ, ಆಗಾಗ ಕೆದಕಿ ಒಣಗಿಸಬೇಕಾಗುತ್ತದೆ. ತಂಪಿಗೆಂದು ಸಂಜೆ ಒಳಗೆ ನೀರು ಚಿಮುಕಿಸಬೇಡಿ. ನೀರು ಹಾಕುವುದಾದರೆ ನಾಲ್ಕು ಗಂಟೆಗೆ ಮಾಡಿನ ಮೇಲೆ ಹಾಕಿ.

ಏಳರ ಹೊತ್ತಿಗೆ ಒಳಗೂ ಹೊರಗೂ ಶಾಖ ಒಂದೇ ಆದ ಮೇಲೆ ಮರಿಗಳನ್ನು ಸಾಗಿಸಿ. ಹಗಲಲ್ಲಿ ಅಟ್ಟಾಡಿಸಿ ಹಿಡಿಯದೆ, ಕತ್ತಲಾದ ಮೇಲೆ, ಅವು ತೂಕಡಿಸುವಾಗ ಒಂದೊಂದಾಗಿ ಎತ್ತಿ ತಂದು ಅಡ್ಡಗೋಲಿನ ಮೇಲೆ ಕೂರಿಸಿ. ಗಿರಿರಾಜ ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡ ಭಾರವಾದ ಮೈಯ ತಳಿ. ಅದಕ್ಕೆ ಎತ್ತರದ ಗೋಲು ಬೇಡ. ಈಗ ಒಂದಡಿ, ದೊಡ್ಡದಾದ ಮೇಲೆ ಎರಡಡಿ ಸಾಕು, ಎತ್ತರದಿಂದ ಧುಮುಕಿದರೆ ಪಾದಕ್ಕೆ ಪೆಟ್ಟಾಗಿ ಬಾವು ಬರುತ್ತದೆ. ಗೋಲು ಎರಡು ಇಂಚು ಅಗಲ, ಅಂಚು ನುಣುಪು. ಆಮೇಲೆ ಒಂದು ವಾರ ಅವುಗಳನ್ನು ಗೂಡು ಮತ್ತು ಅದಕ್ಕೆ ಹೊಂದಿಸಿದ ನೆರಳಿನ ಜಾಲರಿ ಅಂಗಳ ಬಿಟ್ಟು ಹೊರಗೆ ಬಿಡಬೇಡಿ. ಮೇವು, ನೀರು ಎಲ್ಲವೂ ಅಲ್ಲಿಯೇ ಸಿಗಲಿ. ವಾರ ಕಳೆದ ಮೇಲೆ ಮೊದಲ ಬಾರಿ ಹೊರಗೆ ಬಿಡುವುದು ಸಂಜೆ, ಹೊತ್ತು ಮುಳುಗಲು ಒಂದು ಗಂಟೆ ಇರುವಾಗ. ಆ ಹೊತ್ತಿನಲ್ಲಿ ಅವು ದೂರ ಹೋಗುವುದಿಲ್ಲ. ನನ್ನ ಉಳಿದ ಮರಿಗಳು, ಆ ರಾತ್ರಿಯನ್ನು ಕಂಡವುಗಳಾಗಿದ್ದರೂ, ಜಾಗ ಬದಲಾಗಿ ಗಾಳಿಯಾಡತೊಡಗಿದ ಮೇಲೆ ಯಾರೂ ಕರೆಯದೆಯೇ ತಾವಾಗಿ ಒಳಗೆ ನಡೆದವು.

ಬಲ್ಬಿನ ಬಗ್ಗೆ ನನ್ನ ಅಭಿಪ್ರಾಯ ಖಚಿತವಾಗಿದೆ. ಪುಕ್ಕ ಬಂದ ಮರಿಗೆ ಬೇಸಿಗೆಯಲ್ಲಿ ಕಾವಿನ ಬಲ್ಬ್ ಹಾಕುವುದು ಕೇಡು. ನಿಮ್ಮ ಮರಿಗಳು ಇದುವರೆಗೆ ಬೆಳಕಿನಲ್ಲೇ ಮಲಗಿವೆಯೆಂದಾದರೆ ಗೂಡಿಗೆ ಸಾಗಿಸುವ ಮುಂಚೆಯೇ ಪಡಸಾಲೆಯಲ್ಲಿ ರಾತ್ರಿಯ ದೀಪವನ್ನು ದಿನದಿನಕ್ಕೆ ಬೇಗ ಆರಿಸುತ್ತ ಕತ್ತಲೆಯನ್ನು ರೂಢಿ ಮಾಡಿಸಿ. ಗೂಡಿನಲ್ಲಿ ಮೊದಲ ಕೆಲವು ಸಂಜೆ ಬಿಸಿಯಾಗದ ಸಣ್ಣ ದೀಪವೊಂದನ್ನು ಅರ್ಧ ಗಂಟೆ ಹೊತ್ತಿಸಿದರೆ ತಪ್ಪಿಲ್ಲ. ಸಿದ್ಧ ಗೂಡನ್ನು ಮಾತ್ರ ಕೊಳ್ಳಬೇಡಿ: ನಾನು ನೋಡಿದವೆಲ್ಲ ತಗ್ಗು ಮಾಡಿನವು, ಸಣ್ಣ ಕಿಟಕಿಯವು. ಒಳಗೆ ಒಂದು ಕೋಳಿಗೆ ಎರಡು ಚದರ ಅಡಿಯಾದರೂ ಬೇಕು, ಅಂಗಳದಲ್ಲಿ ಎಂಟು-ಹತ್ತು ಚದರ ಅಡಿ. ನಾಟಿ ಕೋಳಿಗಳಂತೆ ಮರದ ಮೇಲೆ ಮಲಗಲಿ ಎಂಬ ಸಲಹೆಯೂ ನಿಮಗೆ ಬಂದಿದೆ. ಗಿರಿರಾಜಕ್ಕೆ ಬೆಕ್ಕಿನಿಂದ ಹಾರಿ ತಪ್ಪಿಸಿಕೊಳ್ಳುವಷ್ಟು ಹಗುರ ಮೈ ಇಲ್ಲ, ಮೇ ತಿಂಗಳ ಗಾಳಿ-ಮಳೆ ಬಂದ ರಾತ್ರಿ ಅವು ಕೆಳಗೆ ಬೀಳುತ್ತವೆ.

ಒಂದು ಎಚ್ಚರಿಕೆ ಉಳಿದಿದೆ. ಕೊಕ್ಕರೆ ರೋಗ, ಅಂದರೆ ರಾಣಿಖೇತ್‌ಗೆ ಮೊದಲ ವಾರದಲ್ಲಿ ಹಾಕಿಸಿದ ಲಾಸೋಟಾ ಲಸಿಕೆಯ ಹನಿ ಮುಂದಕ್ಕೆ ಸಾಲದು. ಎಂಟರಿಂದ ಹತ್ತನೆಯ ವಾರದೊಳಗೆ ಅದೇ ರೋಗಕ್ಕೆ ಆರ್‌2ಬಿ ಎಂಬ ಲಸಿಕೆ ಹಾಕಿಸಬೇಕು. ನಿಮ್ಮ ಮರಿಗಳಿಗೆ ಆ ವಾರ ಹತ್ತಿರ ಬಂದಿದೆ. ಸಾಗಣೆಯ ದಣಿವು ಮತ್ತು ಲಸಿಕೆಯ ದಣಿವು ಒಂದೇ ವಾರದಲ್ಲಿ ಬೀಳದಂತೆ, ಅವು ಗೂಡಿಗೆ ಒಗ್ಗಿ ಮೇವು ಚೆನ್ನಾಗಿ ತಿನ್ನತೊಡಗಿದ ಮೇಲೆ, ಹತ್ತಿರದ ಪಶು ಆಸ್ಪತ್ರೆಯಲ್ಲಿ ಕೇಳಿ ದಿನ ಗೊತ್ತುಮಾಡಿಕೊಳ್ಳಿ. ಲಸಿಕೆಯನ್ನು ಮಂಜುಗಡ್ಡೆಯಲ್ಲಿಟ್ಟು ತಂದು, ಬೆಳಗಿನ ತಂಪಿನಲ್ಲೇ ಹಾಕಿಸಿ.