ಉಗುರಿಗೆ ಯಾವ ಕ್ಯಾಲ್ಸಿಯಂ ಮಾತ್ರೆ ಒಳ್ಳೆಯದು?

ಉಗುರು ತೆಳ್ಳಗಾಗಿ ನಡುವೆ ತಗ್ಗು ಬಿದ್ದಿದೆ, ಬಿಳಿ ಚುಕ್ಕೆನೂ ಇದೆ, ಯಾವ ಕ್ಯಾಲ್ಸಿಯಂ ತಗೊಳ್ಳಲಿ ಅಂತ ಕೇಳಿದ್ದೀರಿ. ಯಾವುದೂ ಬೇಡ. ಮೊದಲು ರಕ್ತ ಪರೀಕ್ಷೆ ಮಾಡಿಸಿ.

ನನ್ನದೂ ಇದೇ ಕಥೆ. ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಮನೆ, ಮುಂಬೈನ ಫೋರ್ಟ್‌ನಲ್ಲಿ ಆಫೀಸು. ಹೆಬ್ಬೆರಳ ಉಗುರು ಚಮಚದ ಹಾಗೆ ಹಳ್ಳ ಬಿದ್ದು ಅಂಚು ಮೇಲೆದ್ದಿತ್ತು, ಕೈ ತೊಳೆದರೆ ಅದರಲ್ಲಿ ಒಂದು ಹನಿ ನೀರು ನಿಂತುಬಿಡುತ್ತಿತ್ತು. ಸ್ಟೇಷನ್ನಿನ ಮೆಟ್ಟಿಲು ಹತ್ತಿದರೆ ಏದುಸಿರು. ಲೋಕಲ್ ಟ್ರೈನಿನ ನೂಕುನುಗ್ಗಲಲ್ಲಿ ಯಾರಿಗೆ ಸುಸ್ತಾಗಲ್ಲ ಹೇಳಿ? ಅತ್ತೆ ಕ್ಯಾಲ್ಸಿಯಂ ಕಡಿಮೆ ಅಂದರು, ಮೆಡಿಕಲ್‌ನಿಂದ ತಂದು ನುಂಗತೊಡಗಿದೆ.

ಕೊನೆಗೆ ತೋರಿಸಿದಾಗ ಡಾಕ್ಟರಮ್ಮ ಉಗುರು ನೋಡಿದರು, ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು, ಆಮೇಲೆ ಕೇಳಿದ್ದು, "ಮುಟ್ಟು ಜಾಸ್ತಿ ಹೋಗುತ್ತಾ?" ಹಿಮೋಗ್ಲೋಬಿನ್ 7.8 ಬಂತು. ಹೆಂಗಸರಿಗೆ 12 ಆದರೂ ಇರಬೇಕು.

ಉಗುರು ಹಳ್ಳ ಬಿದ್ದದ್ದು ಕಬ್ಬಿಣ ಕಡಿಮೆಯಾಗಿ ಅಂತ ಹೇಳಿ ಕಬ್ಬಿಣದ ಮಾತ್ರೆ ಕೊಟ್ಟರು. ನಾನು ಕ್ಯಾಲ್ಸಿಯಂ ಬಿಡಲಿಲ್ಲ, ಡಾಕ್ಟರಿಗೆ ಹೇಳಲೂ ಇಲ್ಲ. ಡಬ್ಬಿ ಇನ್ನೂ ಅರ್ಧ ತುಂಬಿತ್ತು, ದುಡ್ಡು ಕೊಟ್ಟು ತಂದಿದ್ದಲ್ವಾ! ಬೆಳಗಿನ ಗಡಿಬಿಡಿಯಲ್ಲಿ ಎರಡನ್ನೂ ಒಟ್ಟಿಗೆ ಬಾಯಿಗೆ ಹಾಕಿಕೊಂಡು ಮೇಲೆ ಹಾಲಿನ ಚಹಾ ಕುಡಿದು ಓಡುತ್ತಿದ್ದೆ. ಕ್ಯಾಲ್ಸಿಯಂ ಜೊತೆಗಿದ್ದರೆ ಕರುಳು ಕಬ್ಬಿಣವನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ. ಚಹಾ ಕೂಡ ಅದನ್ನೇ ಮಾಡುತ್ತದೆ. ಅಂದರೆ ಒಂದು ಮಾತ್ರೆ ನುಂಗಿ, ಅದಕ್ಕೆ ಅಡ್ಡಗಾಲು ಹಾಕಲು ಇನ್ನೆರಡನ್ನು ನಾನೇ ಕಳಿಸುತ್ತಿದ್ದೆ, ಅದೂ ದಿನಾ, ತಪ್ಪದೆ. ರಕ್ತ ಏರಲೇ ಇಲ್ಲ. ಆಸ್ಪತ್ರೆಯಲ್ಲಿ ಮಲಗಿ ನರಕ್ಕೆ ಕಬ್ಬಿಣದ ಡ್ರಿಪ್ ಹಾಕಿಸಿಕೊಳ್ಳಬೇಕಾಯಿತು, ರಜೆನೂ ಹೋಯಿತು, ದುಡ್ಡೂ ಹೋಯಿತು. ಸ್ಕ್ಯಾನ್ ಮಾಡಿದರೆ ಗರ್ಭಕೋಶದಲ್ಲಿ ಫೈಬ್ರಾಯ್ಡ್ ಅನ್ನೋ ಗಡ್ಡೆ. ರಕ್ತ ಹೋಗುತ್ತಿದ್ದದ್ದು ಅದರಿಂದ.

ಹಾಗಾಗಿ ಹಿಮೋಗ್ಲೋಬಿನ್ ಜೊತೆ ಫೆರಿಟಿನ್ ಪರೀಕ್ಷೆ ಕೂಡ ಬರೆಸಿಕೊಳ್ಳಿ, ಮೈಯಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಅಂತ ಹೇಳೋದು ಅದೇ. ಕಬ್ಬಿಣ ಕಡಿಮೆ ಅಂತ ಬಂದರೆ ಯಾಕೆ ಅಂತ ಕೇಳದೆ ಎದ್ದು ಬರಬೇಡಿ. ನೀವು ಗಂಡಸಾಗಿದ್ದರಂತೂ ಕೇಳಲೇಬೇಕು, ಹೊಟ್ಟೆ ಕರುಳಲ್ಲಿ ಎಲ್ಲೋ ರಕ್ತ ಸೋರುತ್ತಿರಬಹುದು.

ಬಿಳಿ ಚುಕ್ಕೆ ಬಗ್ಗೆ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಸಾಮಾನ್ಯವಾಗಿ ಉಗುರಿನ ಬುಡಕ್ಕೆ ಯಾವಾಗಲೋ ಬಿದ್ದ ಪೆಟ್ಟು ಅದು, ಉಗುರು ಬೆಳೆದಂತೆ ಮುಂದೆ ಸರಿದು ಹೋಗುತ್ತದೆ. ಒಂದೇ ಉಗುರಲ್ಲಿ ಹೊಸದಾಗಿ ಕಪ್ಪು ಗೆರೆ ಬಂದು ಅಗಲವಾಗುತ್ತಿದ್ದರೆ ಮಾತ್ರ ತಡ ಮಾಡದೆ ಚರ್ಮದ ಡಾಕ್ಟರಿಗೆ ತೋರಿಸಿ.

ಕೈ ಉಗುರು ಬೆಳೆಯುವುದು ತಿಂಗಳಿಗೆ ಸುಮಾರು 3 ಮಿಲಿಮೀಟರ್. ರಕ್ತ ಸರಿಹೋದ ಮೇಲೂ ಆ ಹಳ್ಳ ಹೋಗಲು ಆರು ತಿಂಗಳಾದರೂ ಬೇಕು. ಮತ್ತೆ, ಡಾಕ್ಟರ ಹತ್ತಿರ ಹೋಗುವಾಗ ನೇಲ್ ಪಾಲಿಶ್ ಇದ್ದರೆ ತೆಗೆದು ಹೋಗಿ.